ವಾಲ್ವ್‌ಮನ್ ಯಮನೂರಪ್ಪನ ಕಾಳಜ

ಬಲಗೈ ಎತ್ತಿ ತಲೆಯ ಮೇಲಿಡಬೇಕು.
ಅವನು ಎತ್ತಲಾರ. ದುರಗವ್ವ ಎತ್ತಿ ಹಿಡಿದಳು,
ಹಾದಿಗೆ ಬಾಗಿದ ಟೊಂಗೆ ಸರಿಸಿ ಹಿಡಿದ ಹಾಗೆ.
ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು
ಪಕ್ಕೆಲುಬಿನ ಸಂದಿಗೆ ಹಚ್ಚಿದೆ.
ಎಚ್ಚರವಿಲ್ಲದವನಿಗೆ ತಣ್ಣಗಾದರೇನು, ಬಿಸಿಯಾದರೇನು,
ಆದರೂ.

ಎಂಟು ದಿನದ ಹಿಂದೆ ವಾಂತಿ.
ನಾಲ್ಕು ದಿನದ ಹಿಂದೆ ಕಣ್ಣು ಹಳದಿ.
ನಿನ್ನೆ ರಾತ್ರಿ ಹೆಂಡತಿಗೆ 'ಯಾರವಾ ನೀ' ಅಂದನಂತೆ.
ಐಸಿಯು, ಏಳನೇ ಹಾಸಿಗೆ, ವಯಸ್ಸು ಮೂವತ್ತೊಂದು,
ಕೆಲಸ: ನೀರು ಬಿಡುವುದು.

ಹಳೇ ಹುಬ್ಬಳ್ಳಿಯ ಹನ್ನೊಂದು ಓಣಿಗೆ
ವಾರಕ್ಕೊಮ್ಮೆ, ಸರಿರಾತ್ರಿ,
ಎದೆಮಟ್ಟದ ಕಬ್ಬಿಣದ ಚಾವಿ ಹೆಗಲಿಗೇರಿಸಿ.
"ಚಾವಿ ತುದಿ ಪೈಪಿಗೆ ಹಚ್ಚಿ, ಹಿಡಿಕಿ ಕಿವಿಗಿ ಹಚ್ಚಿ
ಕೇಳತಿದ್ರು ರೀ. ಎಲ್ಲಿ ಒಡದೈತಿ, ಎಲ್ಲಿ ಗಾಳಿ ತುಂಬೈತಿ,
ನೆಲ ಅಗೀದನ ಹೇಳತಿದ್ರು."

ನಾನೂ ಅದನ್ನೇ ಮಾಡುತ್ತೇನೆ, ದುರಗವ್ವ.
ಈ ಪ್ರೋಬು ಒಳಗೆ ಸಣ್ಣದೊಂದು ದಬ್ಬು ಕೊಡುತ್ತದೆ.
ತೆರೆಯೊಂದು ಎದ್ದು ಅಡ್ಡಕ್ಕೆ ಓಡುತ್ತದೆ,
ಮೆತ್ತನೆ ಕಾಳಜದಲ್ಲಿ ನಿಧಾನ,
ಬಿಗಿದ ಕಾಳಜದಲ್ಲಿ ಜೋರು.
ನಿನ್ನದೂ ನನ್ನದೂ ಐದೋ ಆರೋ ಕಿಲೋಪಾಸ್ಕಲ್.
ಅವನದು ಇಪ್ಪತ್ತೊಂಬತ್ತು.

ಕುಡುಕರದು ಹೀಗೆ ಬರುವುದುಂಟು, ಅದು ವರ್ಷಗಟ್ಟಲೆ ಕಟ್ಟಿದ ಗೋಡೆ.
ಇದು ಹಾಗಲ್ಲ, ಒಂದೇ ವಾರದಲ್ಲಿ ಊದಿದ್ದು,
ಬಾವು ಬಂದ ವಸಡಿನಂತೆ, ಅಂದೆ.
ದುರಗವ್ವನ ಕಿವಿಗೆ ಬಿದ್ದದ್ದು ಮೊದಲ ಶಬ್ದ ಮಾತ್ರ.
"ನಮ್ಮವ್ರು ಕುಡಿಯೂದು ಬರೇ ನೀರ್ರಿ!"

ಹೌದು. ನೀರೇ.
ವಾಲ್ವು ತಿರುವಿದೊಡನೆ ಬರುವ ಮೊದಲ ನೀರನ್ನು
ಬೊಗಸೆಯಲ್ಲಿ ಹಿಡಿದು ಕುಡಿದು ನೋಡುತ್ತಿದ್ದನಂತೆ,
ಮಂದಿಗಿಂತ ಮೊದಲು.
ಪೈಪಿನ ಮಗ್ಗುಲಲ್ಲೇ ಗಟಾರ.

"ಉಸಿರು ಹಿಡೀರಿ."
ರೂಢಿ; ಬಾಯಿಗೆ ಬಂದುಬಿಟ್ಟಿತು.
ಅವನು ಹಿಡಿಯಲಿಲ್ಲ. ಪರದೆಯ ಮೇಲೆ ಕಾಳಜ
ಯಾರೋ ತೂಗಿ ಹೋದ ಜೋಳಿಗೆಯಂತೆ ಮೇಲೆ, ಕೆಳಗೆ.
ಹತ್ತು ಸಲ ಅಳೆದು ನಡುವಿನದನ್ನು ಆರಿಸಬೇಕು.
ಹತ್ತೂ ಸಲ ನಾನೇ ಉಸಿರು ಹಿಡಿದೆ.

ಅವನ ಡ್ಯೂಟಿ ಪುಸ್ತಕದ ಕೊನೆಯ ಹಾಳೆಯಲ್ಲಿ
ಅವಳು ಬರೆದುಕೊಂಡಳು: ಸೋಮವಾರ ೨೯. ಬುಧವಾರ ೩೪.
"ಏರಿದ್ರ ಚಲೋನ್ರೀ ಅಕ್ಕಾರ?"
ಪೈಪಿನಲ್ಲಿ ಏರಿದರೆ ಚಲೋ.

ಶುಕ್ರವಾರ ೨೧.
ಇನ್ನೇನು ನಗಬೇಕು, ಕಮ್ಮಾರ ಡಾಕ್ಟರು ನಗಲಿಲ್ಲ.
"ಬಾವು ಇಳಿದ್ರೂ ಮೆತ್ತಗ ಆಗ್ತೈತಿ, ಶಮೀಮಾ,
ಒಳಗ ಸತ್ತು ಕುಸಿದ್ರೂ ಮೆತ್ತಗ ಆಗ್ತೈತಿ.
ಕುಗ್ಗೇತೇನು ನೋಡು. ರಕ್ತ ಹೆಪ್ಪುಗಟ್ಟತೈತೇನು ನೋಡು.
ಒಂದ ಅಂಕಿ ನಂಬಬ್ಯಾಡ."

ಹೊರಗೆ ಬಾಕಿನ ಮೇಲೆ ದುರಗವ್ವ, ಪೆನ್ನು ಹಿಡಿದು.
'ಕಾಳಜಿ ಮಾಡಬ್ಯಾಡ' ಅನ್ನಲು ಬಾಯಿ ತೆರೆದೆ.
ಆ ಮಾತಿನೊಳಗೇ ಕಾಳಜ ಕೂತಿರುವುದು
ಹದಿನಾರು ವರ್ಷದ ಕೆಲಸದಲ್ಲಿ ಅವತ್ತೇ ಕಂಡದ್ದು.
ಅಂಕಿಯನ್ನಷ್ಟೇ ಹೇಳಿದೆ.

ಅಂದು ರಾತ್ರಿ ನಮ್ಮೋಣಿಗೆ ನೀರು ಬಂತು,
ಬೇರೆ ಯಾರೋ ಬಿಟ್ಟದ್ದು.
ನಲ್ಲಿ ಮೊದಲು ಗಾಳಿ ಉಗುಳಿತು, ಆಮೇಲೆ ಕೆಮ್ಮಿತು.
ಎರಡು ಸಲ ಕುದಿಸಿದೆ.
ಕುಡಿಯಲು ಮನಸ್ಸಾಗದೆ ತಾಟು ಮುಚ್ಚಿಟ್ಟೆ.

ರವಿವಾರ ಮುಂಜಾನೆ. ಕಾಳಜ ಕುಗ್ಗಿರಲಿಲ್ಲ.
ದುರಗವ್ವ ಮುಟ್ಟುವ ಮೊದಲೇ ಬಲಗೈ ತುಸು ಎದ್ದಿತು,
ಇಲ್ಲವೇ ನನಗೆ ಹಾಗೆ ಕಂಡಿತು.
"ಉಸಿರು ಹಿಡೀರಿ."

ಜೋಳಿಗೆ ನಿಂತಿತು.

ಬೂದು ಬಣ್ಣದ ಒಂದು ಸೀಮೆ, ಅಲುಗದೆ, ನನ್ನ ಮುಂದೆ.
ಗುಂಡಿ ಒತ್ತಿದೆ, ತೆರೆ ಓಡಿತು,
ಅಂಕಿ ನೋಡುವುದನ್ನು ಮರೆತೆ.
'ಬಿಡ್ರಿ' ಅನ್ನುವುದನ್ನೂ ಮರೆತೆ.
ಹಳದಿ ಕಣ್ಣು ಮೆಲ್ಲಗೆ ನನ್ನ ಕಡೆ ಹೊರಳಿತು.
ಕೊಡ ಹಿಡಿದು ನಿಂತ ಓಣಿಯನ್ನು ಕತ್ತಲಲ್ಲಿ ಕೇಳುವ ಹಾಗೆ,
ಒಣಗಿದ ತುಟಿಯಲ್ಲಿ:

"ಬಿಡ್ಲೇನ್ರಿ?"